ಗೋಡೆಯ ಮೇಲೆ ಅಣ್ಣ

ಅಣ್ಣ ಗಡಿಯ ಯುದ್ಧದಲ್ಲಿ ತೀರಿಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ. ಅವನಿಗೆ ಇಪ್ಪತ್ತನಾಲ್ಕು. ಈಗ ನನ್ನ ಮೀಸೆ ನರೆಯುತ್ತಿದೆ. ಪೀಣ್ಯದ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಲೇತ್ ಮುಂದೆ ನಿಂತು ಬಲಭುಜ ಹಿಡಿದುಕೊಂಡಿದೆ. ಅಂಗಿ ತೊಡುವಾಗಲೂ ಹಲ್ಲು ಕಚ್ಚಬೇಕು.

ಕಳೆದ ವರ್ಷ ದಾಸರಹಳ್ಳಿಯ ನಮ್ಮ ಬೀದಿಯ ಯುವಕರ ಸಂಘದವರು ಶಾಲೆಯ ಕಾಂಪೌಂಡ್ ಗೋಡೆಯ ಮೇಲೆ ಅಣ್ಣನ ಚಿತ್ರ ಬರೆಸುತ್ತೇವೆಂದು ಬಂದರು. ಆಗಷ್ಟೇ ಅಮ್ಮನ ಕಣ್ಣಿನ ಪೊರೆ ತೆಗೆಸಿದ್ದೆವು. ಡ್ರಾಪ್ಸ್ ಹಾಕುವ ಕೆಲಸ ನನ್ನದು. ಕೈ ಮೇಲೇಳದೆ ಹನಿ ಅವಳ ಕೆನ್ನೆಯ ಮೇಲೆ ಬೀಳುತ್ತಿತ್ತು. "ಮೊದ್ಲು ನಿನ್ ಕೈಗೆ ಔಷ್ದಿ ಆಕ್ಬೇಕು," ಎನ್ನುತ್ತಿದ್ದಳು.

ಚಿತ್ರ ಬರೆಯಲು ಬಂದವಳು ಕಲಾಶಾಲೆಯಲ್ಲಿ ಓದಿದ ಹುಡುಗಿ. ಅವಳ ಕೈಗೆ ಸಿಕ್ಕಿದ್ದು ಒಂದೇ ಫೋಟೊ, ಸೇನೆಗೆ ಸೇರಿದಾಗ ತೆಗೆಸಿದ್ದು: ಹಣೆ ಮುಚ್ಚುವ ಟೊಪ್ಪಿ, ಬಿಗಿದ ತುಟಿ. ಮುಖದ ಗೆರೆ ಮೂಡಿದ ದಿನ ಅಮ್ಮನಿಗೆ ಕಪ್ಪು ಕನ್ನಡಕ ಹಾಕಿಸಿ ಕರೆದೊಯ್ದೆ. ಅವಳು ಗೋಡೆಯ ಹತ್ತಿರಕ್ಕೆ ಹೋಗಿ ನೋಡಿದಳು. "ಇವ್ನ್ಯಾರೋ ಪೊಲೀಸ್ನೋನು. ನನ್ ಮಗ ಯಾವತ್ತು ಇಂಗೆ ಬಾಯ್ ಮುಚ್ಕಂಡು ನಿಂತಿದ್ದ?"

ಹುಡುಗಿ ಬ್ರಶ್ ಕೆಳಗಿಟ್ಟು ನನ್ನತ್ತ ತಿರುಗಿದಳು. "ಸಾರ್, ನೀವು ಅವ್ರ ಥರ ಇದೀರಾ?"

"ಅದೇ ಮೂಗು, ಅದೇ ಹಲ್ಲು," ಎಂದಳು ಅಮ್ಮ, ನಾನು ಬಾಯಿ ತೆರೆಯುವ ಮೊದಲೇ.

ಹಾಗಾಗಿ ರಜೆಯ ದಿನಗಳಲ್ಲಿ ಸ್ಟೂಲಿನ ಮೇಲೆ ಅವಳೆದುರು ಕುಳಿತೆ. "ಸ್ವಲ್ಪ ನಗಿ ಸಾರ್," ಎನ್ನುತ್ತಿದ್ದಳು. ಭುಜ ಚುಚ್ಚುತ್ತಿತ್ತು. ಸತ್ತವನ ಪರವಾಗಿ ನಗುವುದು ಹೇಗೆಂದು ನನಗೆ ತಿಳಿಯಲಿಲ್ಲ. ಅಣ್ಣನ ನಗು ನೆನೆಯಲು ಹೋದರೆ ಶವಪೆಟ್ಟಿಗೆ ಬಂದ ದಿನದ ಜನಜಂಗುಳಿ, ಅಪ್ಪ ಬಾವುಟವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತದ್ದು, ಇವೇ ಕಣ್ಣ ಮುಂದೆ ಬರುತ್ತಿದ್ದವು. ಒಂದು ದಿನ, ನನಗೆ ಸೈಕಲ್ ಕಲಿಸಲು ಹೋಗಿ ತಾನೇ ಚರಂಡಿಗೆ ಬಿದ್ದ ಅಣ್ಣ ನೆನಪಾದ. ನಕ್ಕುಬಿಟ್ಟೆ. ಹುಡುಗಿ ಅವಸರವಾಗಿ ಗೆರೆ ಎಳೆದುಕೊಂಡಳು.

ಚಿತ್ರ ಮುಗಿಯುವ ಹೊತ್ತಿಗೆ ಅಮ್ಮನ ಕಣ್ಣು ತಿಳಿಯಾಗಿತ್ತು. ಬಹಳ ಹೊತ್ತು ನೋಡಿ, "ಅವ್ನೇ," ಎಂದಳು. ಇನ್ನೊಂದು ಹೆಜ್ಜೆ ಹತ್ತಿರ ಹೋಗಿ, "ವಯಸ್ಸಾಗೈತೆ."

ನಿಜ. ಸಮವಸ್ತ್ರ ಅಣ್ಣನದು; ಕಣ್ಣ ಕೆಳಗಿನ ಊತ, ಕೆನ್ನೆಯ ಗೆರೆ ನನ್ನವು. ಹುಡುಗಿ ಪೆಚ್ಚಾದಳು. "ಸರಿ ಮಾಡ್ತೀನಿ ಅಜ್ಜಿ, ಗೆರೆಯೆಲ್ಲ ಮುಚ್ಬಿಡ್ತೀನಿ."

"ಬ್ಯಾಡ ಕಣವ್ವ. ಬದುಕಿದ್ದಿದ್ರೆ ಇಂಗೇ ಇರ್ತಿದ್ದ."

ಸಂಘದವರಿಗೆ ಇದು ಹಿಡಿಸಲಿಲ್ಲ. ವೀರಯೋಧ ಎಳೆಯನಾಗಿ ಕಾಣಬೇಕು ಎಂದು ಅವರ ವಾದ. ಅಮ್ಮ ಜಗ್ಗಲಿಲ್ಲ, ಚಿತ್ರ ಹಾಗೇ ಉಳಿಯಿತು. ಅವಳೀಗ ಬೆಳಗ್ಗೆ ಎದುರಿನ ಅಂಗಡಿಯ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ನಾನು ಸುತ್ತು ಹಾಕಿಕೊಂಡು ಬೇರೆ ರಸ್ತೆಯಲ್ಲಿ ಡ್ಯೂಟಿಗೆ ಹೋಗುತ್ತೇನೆ.

ಮೊನ್ನೆ ಭುಜದ ಫಿಸಿಯೋಥೆರಪಿಗೆಂದು ಹತ್ತಿದ ಆಟೋ ಶಾಲೆಯ ಕಡೆಗೇ ತಿರುಗಿತು. ಡ್ರೈವರ್ ಗೋಡೆ ನೋಡಿ, ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಮಿಲಿಟರೀಲಿ ಇದ್ರಾ ಸಾರ್?" ಎಂದ.

"ನಾನಲ್ಲ, ನಮ್ಮಣ್ಣ," ಎಂದೆ. ದನಿ ಅಷ್ಟು ಒರಟಾಗಿ ಬಂದದ್ದಕ್ಕೆ ನನಗೇ ಕಸಿವಿಸಿಯಾಯಿತು. ಅವನು ಕನ್ನಡಿಯಿಂದ ಕಣ್ಣು ತೆಗೆದು ಗೇರ್ ಬದಲಿಸಿದ.