‘ಲೇಟರ್’ ಒತ್ತುತ್ತಿದ್ದ ಜಯಲತಕ್ಕ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕಡೆಯವರ ಮನೆಗಳಲ್ಲಿ ಮದುವೆಯಿರಲಿ, ಸತ್ಯನಾರಾಯಣ ಪೂಜೆಯಿರಲಿ, ಕನ್ನಡದಲ್ಲಿ ಆಮಂತ್ರಣ ಬೇಕೆಂದರೆ ಜಯಲತಕ್ಕನ ಬಾಗಿಲಿಗೇ ಬರುತ್ತಿದ್ದರು. ಕಾರ್ಕಳದಿಂದ ಮದುವೆಯಾಗಿ ಬಂದ ಅವರು ಠಾಣೆಯ ಒಂದು ಪ್ರೆಸ್ಸಿನಲ್ಲಿ ಕನ್ನಡ ಟೈಪಿಂಗ್ ಕಲಿತಿದ್ದರು. ಪ್ರೆಸ್ ಮುಚ್ಚಿದಾಗ ಮಾಲೀಕರು ಅಲ್ಲಿನ ಕನ್ನಡ ತಂತ್ರಾಂಶವನ್ನು ಅವರಿಗೇ ಕೊಟ್ಟರು.

ವಾಗ್ಳೆ ಎಸ್ಟೇಟಿನ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದ ಗಂಡ ವಸಂತಕುಮಾರ, ಮೊದಲ ಕಂಪ್ಯೂಟರಿನ ಮಾನಿಟರನ್ನು ಎದೆಗವಚಿಕೊಂಡು ಲೋಕಲ್ ರೈಲಿನಲ್ಲಿ ನಿಂತೇ ಬಂದಿದ್ದರು. “ಸಂಭಾಲ್‌ಕೆ, ಟಿವಿ ಹೈ” ಎಂದು ಎಚ್ಚರಿಸುತ್ತ ಡಬ್ಬಿಯ ಜನ ಒತ್ತರಿಸಿ ಜಾಗ ಬಿಟ್ಟರಂತೆ. ಅಂದು ಸಂಜೆ ಜಯಲತಕ್ಕ ಪರದೆಯ ಮೇಲೆ ಮೊದಲು ಮೂಡಿಸಿದ್ದು ತಮ್ಮ ಮಗಳ ಹೆಸರನ್ನು. ಆಮೇಲೆ ಯಂತ್ರ ಎರಡು ಸಲ ಬದಲಾಯಿತು, ತಂತ್ರಾಂಶ ಬದಲಾಗಲಿಲ್ಲ. ಕಣ್ಣು ಮುಚ್ಚಿದರೂ ಬೆರಳಿಗೆ ಒತ್ತಕ್ಷರ ಸಿಗುತ್ತಿತ್ತು.

ಹೋದ ವರ್ಷದಿಂದ ಪರದೆಯ ಮೂಲೆಯಲ್ಲಿ ಒಂದು ಚೌಕ ಕಾಣಿಸತೊಡಗಿತು. ನಿಮ್ಮ ಆಪರೇಟಿಂಗ್ ಸಿಸ್ಟಮ್ ಹಳೆಯದು, ಸುರಕ್ಷಿತವಲ್ಲ, ಹೊಸದಕ್ಕೆ ಬನ್ನಿ ಎಂದು. ಜಯಲತಕ್ಕ ‘ಲೇಟರ್’, ಅಂದರೆ ಆಮೇಲೆ, ಎಂಬ ಗುಂಡಿ ಒತ್ತಿ ಕೆಲಸಕ್ಕೆ ಕೂರುತ್ತಿದ್ದರು. ಕೆಲವೊಮ್ಮೆ ಬೈಯುತ್ತಲೂ ಇದ್ದರು. “ನನ್ನ ಮನೆಯೊಳಗೆ ಬಂದು ನನಗೇ ಹೇಳ್ತದೆ ನೋಡಿ!”

ಒಂದು ದಿನ ಆ ಚೌಕದಲ್ಲಿ ‘ಲೇಟರ್’ ಇರಲೇ ಇಲ್ಲ. ‘ಈಗ’ ಮತ್ತು ‘ಇಂದು ರಾತ್ರಿ’ ಎಂಬ ಎರಡೇ ಗುಂಡಿಗಳಿದ್ದವು. ಬೇರೆ ದಾರಿ ಕಾಣದೆ ‘ಇಂದು ರಾತ್ರಿ’ ಒತ್ತಿದರು.

ಬೆಳಿಗ್ಗೆ ನೋಡಿದರೆ ಪರದೆಯ ತುಂಬ ಯಾವುದೋ ನೀಲಿ ಬೆಟ್ಟ. ಕನ್ನಡ ತಂತ್ರಾಂಶ ತೆರೆಯಲೇ ಇಲ್ಲ. ಘೋಡಬಂದರ್ ರಸ್ತೆಯಲ್ಲಿ ಹೊಸ ಫ್ಲ್ಯಾಟ್ ಕೊಂಡಿದ್ದ ಪ್ರೇಮನಾಥರ ಗೃಹಪ್ರವೇಶದ ಕಾರ್ಡು ಅರ್ಧ ಆಗಿತ್ತು. ಅದನ್ನು ತೆರೆದರೆ ಇಂಗ್ಲಿಷ್ ಅಕ್ಷರ, ಆವರಣ, ಚುಕ್ಕೆಗಳ ರಾಶಿ. ಕಂಪ್ಯೂಟರ್ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದರು.

“ಮೇಡಮ್, ಆಪ್‌ಕಾ ಸಿಸ್ಟಮ್ ಅಬ್ ಏಕ್‌ದಮ್ ಲೇಟೆಸ್ಟ್ ಹೈ,” ಎಂದಿತು ಆ ಕಡೆಯ ದನಿ.

“ಲೇಟೆಸ್ಟ್ ಕಿಸ್ನೆ ಮಾಂಗಾ? ಕೇಳಿದ್ದು ಯಾರು!” ಎಂದು ಜಯಲತಕ್ಕ ಫೋನಿಟ್ಟರು.

ಕಲ್ಯಾಣದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಮನೀಶ ಬಂದು ಮಧ್ಯಾಹ್ನವೆಲ್ಲ ಹೆಣಗಿದ. ಕೊನೆಗೆ ತಲೆಯಾಡಿಸಿದ. “ಕಾಕೂ, ಹಿಂದಿನದು ಇನ್ನು ಬರಲ್ಲ. ಆ ಸಾಫ್ಟ್‌ವೇರ್ ಮಾಡಿದವರೇ ಈಗ ಇಲ್ಲ.”

ಅಂದು ಜಯಲತಕ್ಕ ಊಟಕ್ಕೆ ಏಳಲಿಲ್ಲ. ವಸಂತಕುಮಾರರು ಗಂಜಿ ತಂದಿಟ್ಟು ಪಕ್ಕದಲ್ಲಿ ಕುಳಿತರು. “ಪ್ರೇಮನಾಥನಿಗೆ ಹಿಂದಿಯಲ್ಲಿ ಮಾಡಿಸಿಕೊಳ್ಳಲಿಕ್ಕೆ ಹೇಳುವುದಾ?”

“ಅವನ ತಾಯಿ ಉಡುಪಿಯಲ್ಲಿ ಕನ್ನಡದ ಕಾರ್ಡಿಗೆ ಕಾಯ್ತಿದ್ದಾರೆ. ಹೇಗೆ ಹೇಳುದು?”

ಭಾನುವಾರ ಮಗಳು ನಿಶ್ಮಿತಾ ನವಿ ಮುಂಬಯಿಯಿಂದ ಬಂದಳು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಓದಲು ಬರುತ್ತಿರಲಿಲ್ಲ. ಹೊಸ ಸಿಸ್ಟಮ್ಮಿನಲ್ಲಿ ಉಚ್ಚಾರವನ್ನು ಇಂಗ್ಲಿಷಿನಲ್ಲಿ ಒತ್ತಿದರೆ ಕನ್ನಡ ಮೂಡುವ ಸೌಲಭ್ಯವನ್ನು ಅವಳು ಹುಡುಕಿ ತೆಗೆದಳು. “ಅಮ್ಮಾ, ತೂ ಬೋಲ್. ಮೈ ಟೈಪ್ ಕರ್ತಿ ಹೂಂ.”

ಇಷ್ಟು ವರ್ಷ ಬರೆದ ಕೈಗೆ ಹೇಳಿ ಬರೆಸುವುದೆಂದರೆ ಕಷ್ಟವಾಯಿತು. ಆದರೂ ಹೇಳಿದರು. ‘ಸಕುಟುಂಬ’ ಸರಿಯಾಯಿತು. ‘ಬಂಧುಮಿತ್ರರು’ ಮೂರು ಸಲ ತಪ್ಪಿತು.

“ಹೊಟ್ಟೆ ಸೀಳಿದ ಅಕ್ಷರ ಬೇಕು ಮಗಾ. ಇದು ದ, ನನಗೆ ಧ ಬೇಕು.”

“ದೋನೋ ಸೇಮ್ ತೋ ದಿಖ್‌ತಾ ಹೈ!” ಎಂದ ನಿಶ್ಮಿತಾ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಸೀಳು ಕಂಡಿತು. ತಾಯಿ ಮಗಳು ಇಬ್ಬರೂ ನಕ್ಕರು. ಸಂಜೆಯೊಳಗೆ ಅವಳು ತನ್ನ ಹೆಸರನ್ನು ತಾನೇ ಓದಿದಳು.

ಕಾರ್ಡು ಉಡುಪಿ ತಲುಪಿತು. ಅಕ್ಷರಗಳು ಮೊದಲಿನಷ್ಟು ದುಂಡಗಿರಲಿಲ್ಲ. ಪ್ರೇಮನಾಥರಿಗಾಗಲೀ ಅವರ ತಾಯಿಗಾಗಲೀ ಅದು ಗೊತ್ತಾಗಲಿಲ್ಲ. ಜಯಲತಕ್ಕನಿಗೆ ಮಾತ್ರ ಗೊತ್ತಾಯಿತು.

ಈಗ ಅವರೇ ಒಂದೊಂದು ಬೆರಳಿನಲ್ಲಿ ಹೊಸ ರೀತಿ ಟೈಪು ಮಾಡುತ್ತಾರೆ. ಹಳೆಯ ಕಡತಗಳನ್ನು ಅಳಿಸಿಲ್ಲ. ಬಿಡುವಾದಾಗ ಒಂದೊಂದನ್ನೇ ತೆರೆಯುತ್ತಾರೆ. ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ, ಆದರೆ ಅಂಚಿನ ಚಿತ್ರಗಳು ಕೆಟ್ಟಿಲ್ಲ. ಜೋಡಿ ನವಿಲಿನದು ಲೋಲಾಕ್ಷಿಯ ಮದುವೆ, ಮಾವಿನೆಲೆ ತೋರಣದ್ದು ಯಶ್ವಂತನ ಅಂಗಡಿ ಪೂಜೆ. ಅಂಚು ನೋಡಿಯೇ ಅವರು ಗಂಡನನ್ನು ಕರೆಯುತ್ತಾರೆ: “ಇಲ್ಲಿ ಬನ್ನಿ, ಇದು ಯಾರದ್ದು ಹೇಳಿ ನೋಡುವ?”