ಬಾಗಿಲ ಮುಂದೆ ಬರೆದ ಬೀಗ

ನಮ್ಮ ಮನೆಯಲ್ಲಿ ಫೋನು ಅಂದರೆ ನಡುಮನೆಯಲ್ಲಿಟ್ಟ ನೀರಿನ ಚೊಂಬು. ಯಾರದು ಎಂದು ಯಾರೂ ಕೇಳುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಾರೆ. ನನ್ನ ಫೋನಿನಲ್ಲಿ ಮಗ ಕ್ರಿಕೆಟ್ ಸ್ಕೋರು ನೋಡುತ್ತಾನೆ, ಸೊಸೆ ತವರಿನವರ ಜೊತೆ ಮಾತಾಡುತ್ತಾಳೆ. ಮುಚ್ಚಿಡುವಂಥದ್ದು ಏನೂ ಇಲ್ಲದಿದ್ದಾಗ ನನಗೂ ಚಿಂತೆ ಇರಲಿಲ್ಲ.

ಆಮೇಲೆ ಗೋವಾದ ಟಿಕೆಟ್ ಬಂತು.

ಅದು ಭದ್ರಾವತಿಯ ಕಾಗದನಗರದಲ್ಲಿರುವ ನನ್ನ ತಂಗಿಯ ಕೆಲಸ. ಶಿವಮೊಗ್ಗಕ್ಕೆ ವಿಮಾನ ಬಂದಾಗಿನಿಂದ ಇಬ್ಬರೂ ತಲೆ ಎತ್ತಿ ನೋಡಿದ್ದೇ ನೋಡಿದ್ದು. ಒಂದು ದಿನ ಅವಳು, "ಅಕ್ಕ, ನೋಡಿ ನೋಡಿ ಕತ್ತು ನೋವ್ ಬಂತು. ಒಳಗೇ ಹೋಗಿ ಕೂತ್ಕೊಂಡ್ ಬಿಡಣ" ಎಂದಳು. ಟಿಕೆಟ್ ಮಾಡಿಸಿ ನನ್ನ ವಾಟ್ಸಾಪಿಗೆ ಹಾಕಿಯೇಬಿಟ್ಟಳು. ಮಗನಿಗೆ ತಿಳಿದರೆ ಮುಗಿಯಿತು. ನನ್ನ ಮಂಡಿ, ಅವಳ ಶುಗರು, ಎರಡನ್ನೂ ಹಿಡಿದುಕೊಂಡು ಭಾಷಣ ಮಾಡಿ ಟಿಕೆಟ್ ರದ್ದು ಮಾಡಿಸುತ್ತಾನೆ. ಧರ್ಮಸ್ಥಳಕ್ಕೆ ಹೋಗುತ್ತೇನೆಂದರೇ ಹತ್ತು ಮಾತಾಡುವವನು, ಗೋವಾ ಎಂದರೆ ಬಿಡುತ್ತಾನೆಯೇ?

ಮಾರನೆಯ ದಿನವೇ ಭದ್ರಾವತಿ ಬಸ್ಸು ಹತ್ತಿದೆ. ಫೋನಿಗೆ ಬೀಗ ಹಾಕಿಕೊಡು ಎಂದೆ.

"ಏ ಮಾರಾಯ್ತಿ, ಇಡೀ ಫೋನಿಗೆ ಹಾಕಿದ್ರೆ ಮುದುಕಿಗೇನಪ್ಪಾ ಗುಟ್ಟು ಅಂತ ಎಲ್ರೂ ಎದ್ದು ಕೂರ್ತಾರೆ. ವಾಟ್ಸಾಪಿಗೆ, ಫೋಟೋಗೆ ಅಷ್ಟೇ ಹಾಕಣ. ಆಪ್ ಲಾಕ್ ಅಂತ ಸೆಟ್ಟಿಂಗ್ಸಲ್ಲೇ ಇರುತ್ತೆ. ಹೆಬ್ಬೆಟ್ಟು ಇಡು."

ಹೆಬ್ಬೆಟ್ಟು! ಆ ಹೆಸರಿನಿಂದ ಕರೆಸಿಕೊಳ್ಳಬಾರದೆಂದು ಮದುವೆಯಾದ ಮೇಲೆ ಸಹಿ ಕಲಿತವಳು ನಾನು. ಇರಲಿ ಎಂದು ಇಟ್ಟೆ. ಪಾತ್ರೆ ತಿಕ್ಕಿ ತಿಕ್ಕಿ ಗೆರೆ ಸವೆದ ಬೆರಳನ್ನು ಫೋನು ಒಪ್ಪಲಿಲ್ಲ. ಅಂಕಿ ಹಾಕೋಣವೆಂದರೆ ನನಗೆ ನೆನಪು ನಿಲ್ಲುವುದಿಲ್ಲ. ತಂಗಿ ಮತ್ತೇನೋ ಒತ್ತಿದಳು, ಪರದೆಯ ಮೇಲೆ ಚುಕ್ಕಿಗಳು ಎದ್ದವು. ಮೂರು ಚುಕ್ಕಿ, ಮೂರು ಸಾಲು.

"ಅಯ್ಯೋ, ಇದು ರಂಗೋಲಿ ಕಣೇ!" ಎಂದು ಕೂಗಿಬಿಟ್ಟೆ.

"ಹ್ಞೂಂ, ಎಳೆ ಎಳಿ ಮತ್ತೆ."

ಎಳೆದೆ. ಆದರೆ ಹೊರಟ ಚುಕ್ಕಿಗೆ ಮರಳಿ ಬರಲು ಫೋನು ಬಿಡಲೊಲ್ಲದು. ಒಮ್ಮೆ ಮುಟ್ಟಿದ ಚುಕ್ಕಿಯನ್ನು ಮತ್ತೆ ಮುಟ್ಟುವಂತಿಲ್ಲವಂತೆ. ಎಳೆ ಕೂಡಿಸದೆ ಬಿಟ್ಟರೆ ಮನೆಗೆ ಒಳ್ಳೆಯದಲ್ಲ ಎಂದೆ.

"ಫೋನಿಗೆ ಒಳ್ಳೇದು, ಬಿಡು" ಎಂದಳು.

ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆಗೆ ಬಂದ ಮೇಲೆ, ಕೈ ಮರೆಯಬಾರದೆಂದು ದಿನಾ ಬೆಳಿಗ್ಗೆ ಬಾಗಿಲ ಮುಂದೆ ಅದನ್ನೇ ಹಾಕತೊಡಗಿದೆ. ಹಾಕುವಾಗಲೆಲ್ಲ ಮೈ ಝುಂ ಎನ್ನುತ್ತಿತ್ತು. ಈ ಪುಡಿಯೊಳಗೆ ಒಂದು ವಿಮಾನವೇ ಇದೆ, ಯಾರಿಗೂ ಗೊತ್ತಿಲ್ಲ! ಮಗ ಅದನ್ನು ದಾಟಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದ. "ಅಮ್ಮ, ನಿನ್ ವಾಟ್ಸಾಪ್ ಯಾಕೆ ಓಪನ್ ಆಗ್ತಿಲ್ಲ?" ಎಂದು ಕೇಳಿದ್ದಕ್ಕೆ "ಕೆಟ್ಟಿರ್ಬೇಕು" ಎಂದುಬಿಟ್ಟೆ.

ಒಂದು ಬೆಳಿಗ್ಗೆ ಸೊಸೆ ಹಾಲಿನ ಪ್ಯಾಕೆಟ್ ಹಿಡಿದು ರಂಗೋಲಿಯ ಮುಂದೆ ನಿಂತಳು.

"ಅತ್ತೆ, ನಾನ್ ಒಂದ್ ಎಳೆ ಬಿಟ್ರೆ ಬೀದಿಗೆಲ್ಲಾ ಕೇಳೋ ಹಾಗೆ ಬೈತೀರಿ. ನೀವ್ ದಿನಾ ಬಿಡ್ತಿದ್ದೀರಲ್ಲ?"

"ಕಣ್ಣು ಕಾಣಲ್ಲ."

"ನಿನ್ನೆ ನಿಮ್ ವಾಟ್ಸಾಪಲ್ಲಿ ಇದನ್ನೇ ಎಳ್ದೆ. ತೆಕ್ಕೊಳ್ತು."

ಮಗ ಒಳಗೆ ಹಲ್ಲುಜ್ಜುತ್ತಿದ್ದ. ಪಿಸುದನಿಯಲ್ಲೇ ಗದರಿದೆ: "ನನ್ ಫೋನ್ ಯಾಕೆ ಕೆದಕಿದೆ? ನಾಚಿಕೆ ಆಗಲ್ವಾ?"

"ಆಗತ್ತೆ. ಬೀಗದ ಕೈನ ಬೀದೀಲಿ ಬರ್ದಿಟ್ಟವರಿಗೆ ಆಗಲ್ವಾ?" ಎಂದವಳೇ ಒಂದು ಬಕೆಟ್ ನೀರು ತಂದು ರಂಗೋಲಿಯ ಮೇಲೆ ಸುರಿದಳು. "ಇವ್ರಿಗೆ ಇವತ್ತಲ್ಲ ನಾಳೆ ಹೊಳೆಯುತ್ತೆ. ಮೊದ್ಲು ಬದಲಾಯಿಸಿ. ನಂಗೂ ತೋರಿಸ್ಬೇಡಿ."

ತಂಗಿಯನ್ನು ಕೇಳಿಕೊಂಡು ಬೀಗ ಬದಲಾಯಿಸಿ, ಹೊಸ ಎಳೆಯನ್ನು ಸೆರಗಿನ ಮರೆಯಲ್ಲಿ ಅಂಗೈ ಮೇಲೆ ಅಭ್ಯಾಸ ಮಾಡಿದೆ. ಬಾಗಿಲಿಗೆ ಮತ್ತೆ ಕೂಡಿದ ಎಳೆಯ ರಂಗೋಲಿ ಬಿತ್ತು.

ಹೊರಡುವ ದಿನ, ತಂಗಿಯ ಜೊತೆ ಇದ್ದು ಬರುತ್ತೇನೆಂದು ಮಗನಿಗೆ ಹೇಳಿದೆ. ಸುಳ್ಳೇನಲ್ಲ. ವಿಮಾನ ನಿಲ್ದಾಣದ ಬಾಗಿಲಲ್ಲಿ ಪೊಲೀಸಿನವನು ಟಿಕೆಟ್ ಕೇಳಿದ. ತಂಗಿಯ ಫೋನು ಚಾರ್ಜ್ ಮುಗಿದು ಸತ್ತಿತ್ತು. ನಾನು ನನ್ನದನ್ನು ತೆಗೆದೆ. ಖುಷಿಯ ಅವಸರದಲ್ಲಿ ಎಳೆ ತಪ್ಪಿತು. ಮತ್ತೆ ತಪ್ಪಿತು. ಹಿಂದೆ ಜನ ನಿಂತಿದ್ದರು.

"ರಂಗೋಲಿ ಪುಡಿ ತರ್ಲೇನೇ ಅಕ್ಕ?" ಎಂದಳು ತಂಗಿ.

ನಕ್ಕುಬಿಟ್ಟೆ. ಕೈ ಹಗುರಾಯಿತು, ಬೀಗ ತೆರೆಯಿತು. ವಿಮಾನ ನೆಲ ಬಿಟ್ಟಾಗ ಅವಳು ನನ್ನ ತೋಳು ಹಿಡಿದು ಕಿರುಚಿದಳು, ನಾನೂ ಕಿರುಚಿದೆ. ಕೆಳಗೆ ಹೊಳೆ ಒಂದು ಬಿಳಿ ಎಳೆಯಾಗಿತ್ತು.

ಗೋವಾದ ಸಮುದ್ರದಲ್ಲಿ ಸೀರೆ ಎತ್ತಿಕಟ್ಟಿ ನಿಂತ ಫೋಟೋವನ್ನು ನಾನೇ ಮಗನಿಗೆ ಕಳಿಸಿದೆ. ಕೂಡಲೇ ಫೋನು ಹೊಡೆದುಕೊಂಡಿತು. "ಅಮ್ಮ! ಗೋವಾನಾ?" ಎಂದು ಕೂಗಿದ. ಆಮೇಲೆ ಸೊಸೆಯ ಕಡೆ ತಿರುಗಿ, "ನಿಂಗ್ ಗೊತ್ತಿತ್ತಾ?" ಎಂದದ್ದು ಕೇಳಿಸಿತು.

"ನಂಗೇನ್ರೀ ಗೊತ್ತು?" ಎಂದಳು ಅವಳು. "ಅತ್ತೆ ಬೀಗ ಹಾಕ್ಕೊಂಡಿದ್ರು."