ಯಾವ ಬೇಜಾರು?

ನಾಚಿಕೆಯ ಸಂಗತಿಯೊಂದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ಇಪ್ಪತ್ತೆಂಟು ವರ್ಷ ಕನ್ನಡ ಪಾಠ ಮಾಡಿದ ನನಗೆ ‘ಬೇಜಾರು’ ಎಂಬ ಪದದ ಅರ್ಥ ಗೊತ್ತಿರಲಿಲ್ಲ.

ನಮ್ಮ ಕಡಬದ ಕಡೆ ಈ ಪದಕ್ಕೆ ಪುರುಸೊತ್ತೇ ಇಲ್ಲ. ಸುಳ್ಯದ ಬಸ್ಸು ತಪ್ಪಿದರೂ ಬೇಜಾರು, ಸಾರಿಗೆ ಉಪ್ಪು ಕಮ್ಮಿಯಾದರೂ ಬೇಜಾರು, ಸಾವಿನ ಮನೆಗೆ ಹೋಗಿ ಬಂದರೂ ಬೇಜಾರು. ಪದ ಪಾರಸಿಯಿಂದ ಬಂದದ್ದು. ಇದನ್ನು ಯಾರೂ ಕೇಳದಿದ್ದರೂ ಹೇಳುವುದು ನನ್ನ ಅಭ್ಯಾಸ.

ಕಳೆದ ವರ್ಷ ಶಾಲೆಗೆ ಒಂದು ಫಾರ್ಮು ಬಂತು. ಮಕ್ಕಳ ಮನಸ್ಸಿನಲ್ಲಿ ಭಯ, ಖಿನ್ನತೆ ಇದ್ದರೆ ಬೇಗ ತಿಳಿಯಲೆಂದು ಅವರೇ ತುಂಬಿಸಬೇಕಾದದ್ದು. ‘ಎರಡು ವಾರಗಳಿಂದ ಬೇಜಾರು ಆಗುತ್ತಿದೆಯೇ?’ ಎಂಬುದು ಮೊದಲ ಪ್ರಶ್ನೆ. ‘ಇಲ್ಲ’ದಿಂದ ‘ದಿನಾಲೂ’ವರೆಗೆ ನಾಲ್ಕು ಚೌಕ. ಒಂಬತ್ತನೇ ತರಗತಿಯಲ್ಲಿ ಹಂಚಿ ಸುಮ್ಮನೆ ಕೂರುವುದಷ್ಟೇ ನನ್ನ ಕೆಲಸ. ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ.

ನೆಲ್ಯಾಡಿಯ ರಬ್ಬರ್ ತೋಟದವರ ಮಗಳು ಜಿನ್ಸಿ ಎದ್ದು ನಿಂತಳು. “ಸರ್, ಇದು ಯಾವ ಬೇಜಾರು?”

ಅಷ್ಟು ಸಾಕಾಯಿತು ನನಗೆ. ಪಾರಸಿಯಿಂದ ಹಿಡಿದು ಹತ್ತು ನಿಮಿಷ ಕೊರೆದೆ. ಕೊನೆಗೆ, “ನನ್ನ ವ್ಯಾಕರಣ ಪಾಠದಲ್ಲಿ ದಿನಾಲೂ ಆಗುದುಂಟಲ್ಲ, ಅದನ್ನೆಲ್ಲ ಬರೀಲಿಕ್ಕಿಲ್ಲ ಮಾರಾಯ್ತಿ” ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಜಿನ್ಸಿಯೂ ನಕ್ಕಳು. ಕೂತು, ‘ದಿನಾಲೂ’ ಚೌಕದಲ್ಲಿ ಹಾಕಿದ್ದ ಗುರುತನ್ನು ರಬ್ಬರಿನಿಂದ ಉಜ್ಜಿ ‘ಇಲ್ಲ’ಕ್ಕೆ ಹಾಕಿದಳು. ನಾನು ನೋಡಿದೆ. ಕಲೆ ಉಳಿಯದಂತೆ ಚೊಕ್ಕವಾಗಿ ಉಜ್ಜಿದಳಲ್ಲ ಎಂದು ಮೆಚ್ಚಿಕೊಂಡೆ ಕೂಡ.

ತಿಂಗಳಾದ ಮೇಲೆ ಅವಳ ಅಮ್ಮ ಶಾಲೆಗೆ ಬಂದರು. “ಇವಳು ಸರಿ ಉಣ್ಣುದಿಲ್ಲ, ನಿದ್ದೆ ಮಾಡುದಿಲ್ಲ ಸರ್. ಪುತ್ತೂರಿಗೆ ಡಾಕ್ಟ್ರ ಹತ್ರ ಹೋಗುವ ಅಂದ್ರೆ, ನನಗೆ ಎಂತದೂ ಇಲ್ಲ, ಇದು ಬೇಜಾರೇ ಅಲ್ಲ ಅಂತ ಕನ್ನಡ ಸರ್ ಹೇಳಿದ್ದಾರೆ ಅಂತಾಳೆ. ನೀವು ಹಾಗೆ ಹೇಳಿದ್ದಾ?”

“ಹೌದು” ಎಂದೆ. “ತಪ್ಪು ಹೇಳಿದೆ. ನಾಳೆಯೇ ಕರ್ಕೊಂಡು ಹೋಗಿ.” ಆ ಮಾತು ಮಗಳಿಗೂ ನನ್ನಿಂದಲೇ ತಲುಪಬೇಕಿತ್ತು. ಮಧ್ಯಾಹ್ನ ಲೈಬ್ರರಿಯಲ್ಲಿ ಜಿನ್ಸಿಯ ಎದುರು ಕೂತೆ. ಅಂದು ನಗಿಸಿದ್ದು ತಪ್ಪಾಯಿತು, ಡಾಕ್ಟರ ಹತ್ತಿರ ಹೋಗಬೇಕು, ಮನಸ್ಸಾದರೆ ನನಗೂ ಹೇಳಬಹುದು ಎಂದೆ. ಮಗುವಿನ ಮುಖ ನೋಡಲಾಗಲಿಲ್ಲ, ಮೇಜು ನೋಡಿದೆ.

ಅವಳು ಮುಂದಿದ್ದ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟಳು.

“ಹೇಳ್ತೇನೆ ಸರ್. ಆದ್ರೆ ಮಧ್ಯದಲ್ಲಿ ನೀವು ಜೋಕ್ ಮಾಡ್ಲಿಕ್ಕಿಲ್ಲ.”